ಎರಡನೇ ಟ್ರೇಯ ಅಳತೆ

ಟ್ರೇಯನ್ನು ಅರ್ಧ ಎಳೆದುಕೊಂಡು, ಒಂದು ಮೊಣಕಾಲು ನೆಲಕ್ಕೂರಿ, ನಾಗಜ್ಯೋತಿ ಕಾಗದದ ಕಟ್ಟಿನ ಅಂಚನ್ನು ಹೆಬ್ಬೆರಳಿನಿಂದ ಫರಫರ ಬಿಡಿಸುತ್ತಿದ್ದಳು. ಹತ್ತಿಯ ಸುಗ್ಗಿಯಲ್ಲಿ ಈ ಕೋಣೆಯ ಗಾಳಿಯಲ್ಲೆಲ್ಲ ಎಳೆ ತೇಲುತ್ತದೆ. ಬಿಡಿಸದೆ ಇಟ್ಟರೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಜೆರಾಕ್ಸ್ ಮಿಷನ್ನಿನ ಹೊಟ್ಟೆಯಲ್ಲಿ ಸಿಕ್ಕಿಬೀಳುತ್ತವೆ. ಅವಳ ಕಿಬ್ಬೊಟ್ಟೆಯಲ್ಲಿ ಬೆಳಗಿನಿಂದ ಯಾರೋ ಒದ್ದೆ ಬಟ್ಟೆ ಹಿಂಡುತ್ತಿದ್ದಂತಿತ್ತು. ಎದ್ದರೆ ಸೀರೆ ಏನಾಗಿರುತ್ತದೋ ಎಂಬ ಅಳುಕಿಗೆ, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತೇ ಹಾಗೆ ಕೂತಿದ್ದಳು.

"ಏನ್ ಜ್ಯೋತಕ್ಕ, ಮಿಷನ್‌ಗೆ ನಮಸ್ಕಾರ ಹಾಕಾಕತ್ತೀಯೇನು?" ಲೆಕ್ಕ ಬರೆಯುವ ಸುಂಕೇಶ ತನ್ನ ಮೇಜಿನಿಂದಲೇ ಕೂಗಿದ. "ಜಲ್ದಿ ಎಬ್ಬಿಸು ಅದನ್ನ. ಲಾರಿಯವ ಬಂದು ಬಂದು ಮುಖ ಗಂಟು ಹಾಕ್ಕೊಂಡು ಹೋಗಾಕತ್ತಾನ."

"ನೀನರ ಬಂದು ಎಬ್ಬಿಸಪ್ಪ."

"ನನ್ನ ಕೈಗೆ ಅದು ಒಲಿಯಲ್ಲ. ನಾ ಮುಟ್ಟಿದ್ರ ಕೆಂಪು ದೀಪ ಹಚ್ಚಿ ಕುಂದ್ರತೈತಿ, ಥೇಟ್ ನಮ್ಮನಿಯಾಕಿ ಥರ."

ಆದವಾನಿಯ ಸಾವ್ಕಾರ ಕೊಟ್ರಬಸಪ್ಪನವರ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲಾರಿ ಗೇಟು ದಾಟಬೇಕಾದರೆ ಅದರ ಜೊತೆ ಬೇಲುಗಳ, ಅಂದರೆ ಒತ್ತಿ ಕಟ್ಟಿದ ಹತ್ತಿಯ ಮೂಟೆಗಳ, ಪಟ್ಟಿ ಹೋಗಬೇಕು. ಆ ಪಟ್ಟಿ ಒಂದೇ ಹಾಳೆಯಲ್ಲಿ ಹಿಡಿಸುವುದು ಪೇಟೆಯಲ್ಲಿ ಲೀಗಲ್ ಎಂದು ಮಾರುವ ಉದ್ದನೆಯ ಕಾಗದದಲ್ಲಿ ಮಾತ್ರ. ಆದರೆ ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದ ಈ ಮಿಷನ್ನಿನ ಎರಡನೇ ಟ್ರೇ ಆ ಕಾಗದವನ್ನು ಗುರುತೇ ಹಿಡಿಯುತ್ತಿರಲಿಲ್ಲ. ತುಂಬಿದ ಟ್ರೇಯನ್ನು ಒಳಗೆ ನೂಕಿದರೂ ಕಾಗದ ಹಾಕಿ ಎಂದು ಬೇಡುವುದು, ಇಲ್ಲವೇ ಬೇರೆಯದೇ ಅಳತೆ ತೋರಿಸಿ ದೀಪ ಮಿಣುಕಿಸುತ್ತ ನಿಲ್ಲುವುದು. ಸುಂಕೇಶ ಬಡಿದ, ಸಾವ್ಕಾರರು ಬೈದರು, ಕರ್ನೂಲಿನಿಂದ ಬಂದ ರಿಪೇರಿಯವನು ಎಲ್ಲ ಒರೆಸಿ, ಇದರಲ್ಲಿ ಏನೂ ಕೆಟ್ಟಿಲ್ಲ ಎಂದು ಹೇಳಿ ಹೋದ. ನಾಗಜ್ಯೋತಿ ಹಾಕಿದಾಗ ಮಾತ್ರ ಮಿಷನ್ ನಡೆಯಿತು. "ಅದು ಆಕಿ ಕೈಗುಣ" ಎಂದು ಸಾವ್ಕಾರರು ಎಲ್ಲರ ಮುಂದೆ ಹೇಳಿದ ಮೇಲೆ ಅದೇ ಒಂದು ಪದ್ಧತಿಯಾಯಿತು. ಆಯುಧಪೂಜೆಯ ದಿನ ಮಿಷನ್ನಿಗೆ ವಿಭೂತಿ, ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದ ಮೇಲೆ ಮೊದಲ ಕಟ್ಟು ಅವಳ ಕೈಯಿಂದಲೇ ಬೀಳಬೇಕು. ಅವಳು ಬಾರದ ದಿನ ಯಾರೂ ಎರಡನೇ ಟ್ರೇ ಮುಟ್ಟುತ್ತಿರಲಿಲ್ಲ.

ಕೈಗುಣವೂ ಇಲ್ಲ, ಕಾಲ್ಗುಣವೂ ಇಲ್ಲ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು. ಪೇಟೆಯ ಲೀಗಲ್ ಕಾಗದ ಮಿಷನ್ನಿಗೆ ಗೊತ್ತಿರುವ ಲೀಗಲ್ಲಿಗಿಂತ ಬೆರಳಗಲ ಗಿಡ್ಡ. ಎಲ್ಲರೂ ಮಾಡುವಂತೆ ಟ್ರೇಯ ಹಿಂದಿನ ತಡೆಯನ್ನು ಕಾಗದಕ್ಕೆ ಒತ್ತಿ ನಿಲ್ಲಿಸಿದರೆ ಅದು ಎರಡು ಗುರುತುಗಳ ನಡುವೆ ನಿಲ್ಲುತ್ತದೆ. ಮಿಷನ್ನಿಗೆ ಇದು ಯಾವ ಕಾಗದವೆಂದೇ ತಿಳಿಯುವುದಿಲ್ಲ. ಅವಳು ತಡೆಯನ್ನು ಹಿಂದಿನ ಗುರುತಿಗೆ ಬಿಟ್ಟು, ಉಳಿದ ಸಂದಿಗೆ ಊದುಬತ್ತಿ ಡಬ್ಬಿಯ ರಟ್ಟನ್ನು ಮಡಚಿ ಇಡುತ್ತಿದ್ದಳು. ಅಷ್ಟೇ. ಟ್ರೇ ಖಾಲಿಯಾದಾಗ ರಟ್ಟನ್ನು ತೆಗೆದು ಬುತ್ತಿಯ ಚೀಲಕ್ಕೆ ಹಾಕಿಕೊಳ್ಳುವಳು. ಮುಚ್ಚಿಡಬೇಕೆಂದು ಶುರು ಮಾಡಿದ್ದಲ್ಲ. ಹೇಳಬೇಕೆಂದು ಬಾಯಿ ತೆರೆದಾಗಲೇ ಸಾವ್ಕಾರರು ಹೊಗಳಿಬಿಟ್ಟಿದ್ದರು. ಗಂಡ ಆಂಜಿ ಎಲ್ಲ ಮಾತಿಗೂ "ನಿನಗೇನ್ ತಿಳೀತೈತಿ ಸುಮ್ನಿರು" ಎನ್ನುವ ಮನೆಯಿಂದ ಬಂದವಳಿಗೆ, ಎಲ್ಲೋ ಒಂದು ಕಡೆ ತನ್ನ ಕೈಗಾಗಿ ಜನ ಕಾಯುತ್ತಾರೆ ಎಂಬುದು ಬೆಲ್ಲದ ಚೂರಿನಂತೆ ನಾಲಿಗೆಯ ಮೇಲೆ ಉಳಿಯಿತು. ಉಗುಳಲು ಮನಸ್ಸಾಗಲಿಲ್ಲ.

ಗರ್ಭಚೀಲ ತೆಗೆಸಬೇಕು ಎಂದು ಡಾಕ್ಟರಮ್ಮ ಹೇಳಿ ಎರಡು ಸುಗ್ಗಿ ಕಳೆದಿದ್ದವು. ಮೈಯಲ್ಲಿ ರಕ್ತವೇ ಇಲ್ಲ, ಮುಂದೂಡಬೇಡ ಎಂದಿದ್ದರು. ರಜೆ ಕೇಳಿದಾಗ ಸಾವ್ಕಾರರು ಇಲ್ಲ ಎನ್ನಲಿಲ್ಲ. "ಸುಗ್ಗಿ ಒಂದು ಮುಗೀಲಿ ತಾಯಿ. ನೀ ಹೋದ್ರ ಲಾರಿ ಎಲ್ಲ ಗೇಟಿನಾಗ ನಿಂತಾವು" ಎಂದಿದ್ದರು. ಹೊಳಗುಂದದಿಂದ ಅಕ್ಕ ಮಹಾಲಕ್ಷ್ಮಿ ಫೋನ್ ಮಾಡಿದಾಗಲೆಲ್ಲ ನಾಗಜ್ಯೋತಿ ಅದನ್ನೇ ಒಪ್ಪಿಸುವಳು.

"ನಾನಿಲ್ಲಂದ್ರ ಮಿಷನ್ ನಡೆಯಲ್ಲಕ್ಕ."

"ಮಿಷನ್‌ಗೆ ಗರ್ಭಚೀಲ ಐತೇನಲೇ? ಮೊದಲು ನಿಂದು ನೋಡ್ಕೊ. ದವಾಖಾನ್ಯಾಗ ನಾ ಬಂದು ಕುಂದ್ರತೀನಿ ಅಂದ್ರೂ ನಿನ್ನ ಕಥಿ ಮುಗಿಯವಲ್ದು."

ಇವತ್ತು ರಟ್ಟು ಕೈಯಲ್ಲಿದ್ದಾಗಲೇ ಹಿಂದಿನಿಂದ ಚೇತನಾ ಬಂದಳು. ಸಾವ್ಕಾರರ ಸೊಸೆ. ಬಳ್ಳಾರಿಯ ಕಡೆಯವಳು, ಈ ತಿಂಗಳಿಂದ ಮಿಲ್ಲಿನ ಕೆಲಸ ಕಲಿಯಲು ಆಫೀಸಿಗೆ ಬರುತ್ತಿದ್ದಳು.

"ಅದೇನು ಜ್ಯೋತಕ್ಕ, ಕೈಯಾಗ?"

ನಾಗಜ್ಯೋತಿ ಮುಷ್ಟಿ ಮುಚ್ಚಿದಳು. ಆಮೇಲೆ, ಮುಚ್ಚಿಕೊಂಡು ಎಷ್ಟು ಹೊತ್ತು ಕೂತಾಳು, ಸಾಕಾಗಿ ತೆರೆದಳು. "ಏನಿಲ್ರಿ ಸಣ್ಣಮ್ಮಾರ. ಕಾಗದ ಗಿಡ್ಡ ಬೀಳ್ತೈತಿ. ಹಿಂದ ಇದನ್ನ ಇಟ್ರ ಸರಿಯಾಗಿ ಕುಂದ್ರತೈತಿ."

ಚೇತನಾ ನಗಲಿಲ್ಲ. ಸೀರೆಯ ನೆರಿಗೆ ಮಡಚಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಟ್ರೇಯೊಳಗೆ ಇಣುಕಿದಳು. ಸುಂಕೇಶನ ಮೇಜಿನಿಂದ ಸ್ಕೇಲ್ ತರಿಸಿ ಹಾಳೆಯ ಉದ್ದ ಅಗಲ ಅಳೆದಳು. ಫೋನಿನಲ್ಲಿ ಏನನ್ನೋ ಓದಿ, ಎದ್ದು, ಮಿಷನ್ನಿನ ಪರದೆಯ ಮೇಲೆ ಒಂದರ ಹಿಂದೆ ಒಂದು ಒತ್ತುತ್ತ ಹೋದಳು. ಕೊನೆಗೆ ಹಿಂದಿನ ತಡೆಯನ್ನು ಕಾಗದಕ್ಕೆ ತಾಗುವಂತೆ ಸರಿಸಿ, ಟ್ರೇ ಒಳಗೆ ನೂಕಿದಳು.

"ಈಗ ಒತ್ತು ನೋಡಾಣ."

ಮಿಷನ್ ಒಂದು ಕ್ಷಣ ಯೋಚಿಸಿದಂತೆ ಸುಮ್ಮನಿತ್ತು. ಆಮೇಲೆ ಗುಂಯ್‌ಗುಟ್ಟಿ ಬೇಲುಗಳ ಪಟ್ಟಿಯನ್ನು ಬೆಚ್ಚಗೆ, ಒಂದರ ಮೇಲೊಂದು ಹೊರಗೆ ಹಾಕತೊಡಗಿತು.

"ಕಾಗದದ ಅಳತಿ ತಾನೇ ಹಿಡಿಯೋದನ್ನ ಬಂದ್ ಮಾಡೀನಿ" ಎಂದಳು ಚೇತನಾ. "ಎರಡನೇ ಟ್ರೇದಾಗ ಇಷ್ಟುದ್ದದ್ದೇ ಇರ್ತೈತಿ ಅಂತ ನಾವೇ ಬರ್ದಿಟ್ರಾತು. ಸುಂಕೇಶಣ್ಣ, ಮುಂದಿನ ಕಟ್ಟು ನೀವೇ ಹಾಕ್ರಿ."

"ನಾ ಒಲ್ಲೆನ್ರಿ ಅಮ್ಮಾರ. ನನ್ನ ಕಂಡ್ರಾಗಲ್ಲ ಅದಕ್ಕ."

"ಹಾಕ್ರಿ, ಕಚ್ಚಂಗಿಲ್ಲ."

ಅವನು ಹಾವಿನ ಬುಟ್ಟಿ ಮುಚ್ಚುವವನಂತೆ ದೂರದಿಂದಲೇ ಟ್ರೇ ನೂಕಿದ. ದೀಪ ಹಸಿರಾಯಿತು. "ಅರೆರೆರೆ! ಒಲೀತಲ್ಲೋ ಭಗವಂತ!" ಎಂದು ತೊಡೆ ತಟ್ಟಿಕೊಂಡ. "ಜ್ಯೋತಕ್ಕ, ನಿನ್ನ ಕೈಗುಣ ಹೋತು ನೋಡು!"

ನಾಗಜ್ಯೋತಿಯೂ ನಕ್ಕಳು. ನಗದೆ ಇನ್ನೇನು ಮಾಡುವುದು. ಚೇತನಾ ಹತ್ತಿರ ಬಂದು ಮೆಲ್ಲಗೆ, "ಇಷ್ಟು ವರ್ಷ ಒಂದು ರಟ್ಟಿನ ಮ್ಯಾಲೆ ನಡೆಸೀಯಲ್ಲ, ಭಾಳ ಶ್ಯಾಣ್ಯಾಕಿ ನೀನು. ರಟ್ಟಿನ ಮಾತು ನಾ ಯಾರ ಮುಂದೂ ಆಡಲ್ಲ ಬಿಡು" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ.

ಗದ್ದಲ ಕೇಳಿ ಒಳಗಿನ ಕೋಣೆಯಿಂದ ಸಾವ್ಕಾರರು ಬಂದು, ನೋಡಿ, ಸೊಸೆಯ ಕಡೆ ಹೆಮ್ಮೆಯಿಂದ ತಲೆಯಾಡಿಸಿದರು. "ಹಂಗಾರ ಜ್ಯೋತಿಗೆ ಆರಾಮಾತಲ್ಲ! ನಾಳಿಂದ ಲಾರಿ ತೂಗೋ ಕಾಟಾದ ಕಡಿ ತೂಕದ ಚೀಟಿನೂ ಆಕೀನೇ ನೋಡ್ಕಳ್ಳಿ."

"ಹೂನ್ರಿ" ಎಂದಳು ನಾಗಜ್ಯೋತಿ.

ಅವರು ಇನ್ನೂ ಏನಾದರೂ ಹೇಳಿಯಾರು ಎಂದು ಸ್ವಲ್ಪ ನಿಂತಳು. ಅಂದು ರಜೆ ಕೇಳಿದ್ದೆಯಲ್ಲ, ಈಗ ಹೋಗಿ ಬಾ ಎಂದು. ಅವರು ಆಗಲೇ ಫೋನಿನಲ್ಲಿ ಹತ್ತಿಯ ದರ ಕೇಳುತ್ತಿದ್ದರು. ಅವರಿಗೆ ಮರೆತೇಹೋಗಿತ್ತು. ತಪ್ಪೆನ್ನಲು ಬಾಯಿಲ್ಲ, ಅವಳು ಎರಡನೇ ಸಲ ಕೇಳಿಯೇ ಇರಲಿಲ್ಲ.

ಆಫೀಸಿನ ಹಿಂದೆ ಹೆಂಗಸರಿಗೆಂದು ತಗಡಿನ ಬಾಗಿಲಿನ ಒಂದು ಬಚ್ಚಲಿತ್ತು. ಒಳಗೆ ಹೋಗಿ ಬಟ್ಟೆ ಬದಲಿಸಿದಳು. ನಿನ್ನೆಗಿಂತ ಹೆಚ್ಚು ಹೋಗಿತ್ತು. ಕೈ ತೊಳೆದು, ಗೋಡೆಗೆ ಬೆನ್ನು ಕೊಟ್ಟು ನಿಂತಳು. ಆಚೆ ಹತ್ತಿ ಬಿಡಿಸುವ ಯಂತ್ರಗಳ ಸದ್ದಿಗೆ ಗೋಡೆ ನಡುಗಿ, ಅವಳ ಬೆನ್ನೂ ನಡುಗುತ್ತಿತ್ತು.

ಹೊರೆ ಇಳಿದವಳಿಗೆ ಹಗುರಾಗಬೇಕಿತ್ತು. ಹಗುರಾಗಲಿಲ್ಲ, ಹೆದರಿಕೆಯಾಯಿತು. ಹೆದರಿಕೆ ಈಗ ಹುಟ್ಟಿದ್ದಲ್ಲ, ಇಷ್ಟು ದಿನ ಮಿಷನ್ನಿನ ಮರೆಯಲ್ಲಿ ಕೂತಿತ್ತು, ಮಿಷನ್ ಪಕ್ಕಕ್ಕೆ ಸರಿದ ಕೂಡಲೇ ಕಂಡಿತು. ಅವಳ ತಾಯಿ ಪಕೀರಮ್ಮ ಇದೇ ಆಪರೇಷನ್ನಿಗೆಂದು ತಲೆ ಬಾಚಿಕೊಂಡು, ರೊಟ್ಟಿಯ ಗಂಟು ಹಿಡಿದು, ತಾನೇ ನಡೆದು ಬಸ್ಸು ಹತ್ತಿದ್ದಳು. ಮರಳಿ ಬಂದದ್ದು ಬಿಳಿ ಬಟ್ಟೆಯಲ್ಲಿ. ತೀರಾ ತಡವಾಗಿ ಬಂದಳು ಎಂದು ಡಾಕ್ಟರು ಹೇಳಿದ್ದು ಅಂದು ಯಾರ ಕಿವಿಗೂ ಬಿದ್ದಿರಲಿಲ್ಲ. ಮಗಳ ಮನಸ್ಸಿನಲ್ಲಿ ಉಳಿದದ್ದು ಬಸ್ಸು ಮತ್ತು ಬಟ್ಟೆ, ಎರಡೇ.

ಸುಗ್ಗಿ ಮುಗಿಯಲಿ ಎಂದಿದ್ದರು ಸಾವ್ಕಾರರು. ಹೋದ ವರ್ಷದ ಸುಗ್ಗಿ ಮುಗಿದಿತ್ತಲ್ಲ. ಮಿಲ್ಲಿನ ಅಂಗಳದಲ್ಲಿ ಲಾರಿಯ ಬದಲು ನಾಯಿ ಮಲಗಿದ್ದ ಬೇಸಗೆಯಲ್ಲಿ ಅವಳೇ ಅಕ್ಕನಿಗೆ, "ಲೆಕ್ಕದ ಕಾಗದ ಐತಕ್ಕ, ಜೆರಾಕ್ಸ್ ಭಾಳ ಐತಿ" ಎಂದಿದ್ದಳು. ಬಾಯಿಂದ ಅದು ಎಷ್ಟು ಸಲೀಸಾಗಿ ಬಂದಿತ್ತು. ಮಿಷನ್ನಿಗೆ ಅವಳು ಬೇಕಿರಲಿಲ್ಲ, ಅವಳಿಗೇ ಮಿಷನ್ ಬೇಕಿತ್ತು.

ಎಷ್ಟು ಹೊತ್ತು ನಿಂತಳೋ. ಹೊರಗೆ ಸುಂಕೇಶ ಕರೆಯುವುದು ಕೇಳಿಸಿತು. ಮುಖಕ್ಕೆ ನೀರು ಹಾಕಿಕೊಳ್ಳುವಾಗ ಮುಂದೇನು ಮಾಡಬೇಕೆಂಬುದೆಲ್ಲ ತಾನಾಗಿಯೇ ಗೊತ್ತಾಗುತ್ತ ಬಂತು. ಸೋಮವಾರ ಬುತ್ತಿ ಕಟ್ಟಿಕೊಂಡು ದಿನದಂತೆಯೇ ಮನೆಯಿಂದ ಹೊರಡುವುದು. ಆಟೋ ಮಿಲ್ಲಿನ ಕಡೆ ತಿರುಗುವಲ್ಲಿ ಇಳಿದು, ನೇರ ಡಾಕ್ಟರಮ್ಮನ ಆಸ್ಪತ್ರೆಗೆ. ಸೇರಿಸಿಕೊಂಡ ಮೇಲೆ ಅಕ್ಕನಿಗೆ ಫೋನು. ಆಂಜಿಗೆ ಅಕ್ಕನೇ ಹೇಳಲಿ. ಮೊದಲೇ ಹೇಳಿದರೆ ಅವನು ನೋಡೋಣ ಎನ್ನುತ್ತಾನೆ. ಆ ಒಂದು ಮಾತು ಸಾಕು, ತಾನೂ ನೋಡೋಣ ಎಂದುಬಿಡುತ್ತೇನೆ ಎಂದು ಅವಳಿಗೆ ತನ್ನ ಬಗ್ಗೆ ಚೆನ್ನಾಗಿ ಗೊತ್ತಿತ್ತು.

"ಎಲ್ಲಿ ಹೋಗಿದ್ದಿ?" ಒಳಗೆ ಬಂದಾಗ ಸುಂಕೇಶ ಕೇಳಿದ. "ಸೋಮವಾರ ಮೂರು ಲಾರಿ ಅದಾವಂತ. ಜಲ್ದಿ ಬಾ, ಕಾಗದ ಹಾಕೋದೈತಿ."

"ಈಗ ನೀನೇ ಹಾಕ್ತೀಯಲ್ಲಪ್ಪ."

"ಹೌದಲ್ಲ!" ಎಂದು ಅವನು ಮತ್ತೆ ನಕ್ಕ.

ಅವಳು ಪಟ್ಟಿಗಳನ್ನು ಸರಿಮಾಡಿ ಪಿನ್ ಹೊಡೆದಳು. ಬಾಗಿಲಲ್ಲಿ ಲಾರಿಯವನ ತಲೆ ಕಾಣಿಸಿತು.

"ಅಯಿಂದಾ ಅಕ್ಕಾ?"

"ಅಯಿಂದಿ, ತೀಸ್ಕೋ", ಆಯಿತು, ತಗೋ ಎಂದು ಅವನ ತೆಲುಗಿನಲ್ಲೇ ಹೇಳಿ ಕಾಗದ ಕೊಟ್ಟು, ಅವಳು ಮುಂದಿನ ಲಾರಿಯ ಪಟ್ಟಿಗೆ ಕೈ ಹಾಕಿದಳು.