ಮಾವನ ಮರ

ಮಾವಿನ ತಳಿಗಳಲ್ಲಿ ಯಾವುದು ಯಾವುದರಿಂದ ಬೇರೆ ಎಂದು ಹೇಳುವುದೇ ಸೊಸೆಯ ಕೆಲಸ. ಹಣ್ಣು ತೂಗುತ್ತಾಳೆ, ವಾಟೆ ಅಳೆಯುತ್ತಾಳೆ, ಎಲೆ ಅರೆದು ಡಿಎನ್‌ಎ ತೆಗೆಯುತ್ತಾಳೆ. ಬೇರೆ ಎಂದು ಗೊತ್ತಾದದ್ದು ಹೊಸ ತಳಿ ಹುಟ್ಟಿಸಲು ಸಂಶೋಧನಾ ಕೇಂದ್ರದಲ್ಲಿ ಉಳಿಯುತ್ತದೆ, ಮಿಕ್ಕಿದ್ದನ್ನು ಕೇಳುವವರಿಲ್ಲ.

ಅತ್ತೆಯ ಹಿತ್ತಲಲ್ಲಿ ಇದ್ದದ್ದು ಒಂದೇ ಮರ, ತೀರಿಹೋದ ಮಾವ ಕೈಯಾರೆ ಕಸಿ ಕಟ್ಟಿದ್ದು. ಕಡ್ಡಿ ಕೊಟ್ಟ ತಾಯಿಮರ ಎಂದೋ ಹೋಗಿದೆ. ಹಾಗಾಗಿ ಮನೆಯಲ್ಲಿ ಅದು ಮಾವಿನ ಮರವಲ್ಲ, ಮಾವನ ಮರ. "ಇದರ ಜೋಡಿ ಎಲ್ಲೂ ಇಲ್ಲ ಅಂತಿದ್ರು ಕಣೆ ನಿಮ್ಮ ಮಾವ," ಎಂದು ಹಣ್ಣಿನ ಕಾಲದಲ್ಲಿ ಅತ್ತೆಯದು ಅದೇ ರಾಗ, ಅದೇ ಹಾಡು. ಮೈದುನನಿಗೋ ಆ ಜಾಗದಲ್ಲಿ ಕಾರು ನಿಲ್ಲಿಸುವ ಆಸೆ. ಕೊನೆಗೆ, ಸೊಸೆಯ ಪರೀಕ್ಷೆ ಹೇಳಿದ್ದೇ ತೀರ್ಮಾನ ಎಂದು ಮೂವರೂ ಒಪ್ಪಿದರು.

ಪರೀಕ್ಷೆ ಕೈಕೊಟ್ಟಿತು. ಎಲ್ಲೆಡೆ ಸಿಗುವ ಹುಳಿಮಾವಿಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ಬಂತು.

"ಹಾಗಾದ್ರೆ ಅವರು ನಂಗೆ ಸುಳ್ಳು ಹೇಳಿದ್ರಾ?" ಎಂದು ಅತ್ತೆ ಕೇಳಿದರು. ಆಮೇಲೆ ಮರದ ಸುದ್ದಿಯನ್ನೇ ಎತ್ತಲಿಲ್ಲ. ಬೈದಿದ್ದರೂ ಸೊಸೆಗೆ ಅಷ್ಟು ನೋವಾಗುತ್ತಿರಲಿಲ್ಲ.

ಮರ ಕಡಿಯುವ ದಿನ ಅವಳು ಕಚೇರಿಯಲ್ಲಿ ಹಣ್ಣಿನ ಅಳತೆಗಳನ್ನು ಡಿಎನ್‌ಎ ಫಲಿತಾಂಶದ ಪಕ್ಕಕ್ಕಿಟ್ಟು ನೋಡುತ್ತಿದ್ದಳು. ಹಿತ್ತಲಿನ ಹಣ್ಣಿಗೆ ನಾರೇ ಇಲ್ಲ, ವಾಟೆ ತೀರಾ ತೆಳು. ಜೋಡಿ ಎಂದು ಬಂದದ್ದೋ ಬರೀ ನಾರು. ನರ್ಸರಿಯವರು ಕಸಿಗೆ ಬುಡವಾಗಿ ಬಳಸುವ ಜಾತಿ. ಬುಡ ಎಂದು ಹೊಳೆದೊಡನೆ ಅವಳಿಗೆ ಎಲೆ ಕಿತ್ತ ಕೊಂಬೆ ನೆನಪಾಯಿತು. ಏಣಿ ತರಲು ಸೋಮಾರಿತನವಾಗಿ, ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದ ಕೈಗೆಟುಕುವ ಕೊಂಬೆಯಿಂದ ಎಲೆ ಕಿತ್ತವಳು ತಾನೇ. ಆ ಕೊಂಬೆ ಚಿಗುರಿದ್ದು ಕಸಿಯ ಗಂಟಿನ ಕೆಳಗೆ. ಪರೀಕ್ಷೆಯಾದದ್ದು ಮಾವನ ಮರವಲ್ಲ, ಅದನ್ನು ಹೊತ್ತ ಬುಡ.

ಮೈದುನ ಫೋನು ಎತ್ತಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಓಡಿಬಂದರೆ ಮರ ಉರುಳಿತ್ತು. ಒಗೆದ ಬಟ್ಟೆ ನೇತಾಡುತ್ತಿತ್ತೆಂದು ಕೆಳಗಿನ ಆ ಕೊಂಬೆಯೊಂದನ್ನು ಮಾತ್ರ ಬಿಟ್ಟಿದ್ದರು.

"ಮಾವ ಸುಳ್ಳು ಹೇಳಿರಲಿಲ್ಲ ಅತ್ತೆ. ತಪ್ಪು ನಂದು," ಎಂದು ಸೊಸೆ ಅಳುತ್ತ ಎಲ್ಲವನ್ನೂ ಹೇಳಿದಳು.

ಅತ್ತೆ ಒಳಗೆ ಹೋಗಿ ಮಾವನ ಕಸಿ ಚಾಕು ತಂದು ಅವಳ ಕೈಗಿಟ್ಟರು.

"ಕಡ್ಡಿ ಇನ್ನೂ ಹಸಿಯಾಗಿದೆ. ಅತ್ತಿದ್ದು ಸಾಕು, ಕಟ್ಟು."

"ಅಮ್ಮಾ, ಕಾರು?" ಎಂದ ಮೈದುನ.

"ಬೀದೀಲಿ ನಿಲ್ಲಿಸ್ಕೋ."

ಸೊಸೆ ಹಗ್ಗ ಬಿಚ್ಚಿ, ಅದೇ ಕೊಂಬೆಯ ತುದಿ ಕತ್ತರಿಸಿ, ಸೀಳಿ, ಬಿದ್ದ ಮರದ ಕಡ್ಡಿಯನ್ನು ಕೂರಿಸಿ ಕಟ್ಟಿದಳು. ಅತ್ತೆ ಆ ಕಟ್ಟನ್ನು ಬೆರಳಿನಿಂದ ಒತ್ತಿ ನೋಡಿದರು.

"ಮುಂದಿನ ಸಲ ಎಲೆ ಕೀಳೋದಾದ್ರೆ ಇದರ ಮೇಲಿಂದ ಕೀಳು," ಎಂದರು.