ನೂರರಲ್ಲಿ ಹತ್ತು

ಸೌಮ್ಯ ಮೌಸ್ ಹಿಡಿದು ವಿಶಾಲಾಕ್ಷಮ್ಮನವರನ್ನು ಅವರ ಗಂಡನ ಪಕ್ಕದಿಂದ ಬಿಡಿಸುತ್ತಿದ್ದಳು. ಆರು ವರ್ಷದ ಹಿಂದೆ ಇದೇ ಸ್ಟುಡಿಯೋದಲ್ಲಿ ತಾನೇ ತೆಗೆದ ಮನೆಮಂದಿಯ ಫೋಟೊ. ಬೆನ್ನ ಹಿಂದೆ ನಿಂತ ಅವರ ಮಗ ಕಲ್ಲೇಶ ಚಡಪಡಿಸುತ್ತಿದ್ದ.

"ಬೇಗ ಸೌಮ್ಯಕ್ಕ. ಅಮ್ಮಂಗೆ ವಿಭೂತಿ ಹಚ್ಚಿ ಕೂರ್ಸಾಯ್ತು. ಎರಡಕ್ಕೆ ಎತ್ತೋದಂತೆ."

"ಫ್ಲೆಕ್ಸ್ ಹೊಡ್ಯೋದು ತರೀಕೆರೇಲಿ ಕಣೋ. ಹನ್ನೆರಡರ ಬಸ್ಸಿಗೆ ಹಾಕಿ ಕಳಿಸ್ತಾರೆ."

"ಬದುಕಿದ್ದಾಗ ಅಮ್ಮಂಗೆ ಯಾವತ್ತು ಆ ಬಸ್ಸು ಟೈಮಿಗೆ ಸಿಕ್ಕಿತ್ತು, ಇವತ್ತು ಸಿಗಾಕೆ!" ಎಂದವನು ಪರದೆಯತ್ತ ಬಗ್ಗಿದ. "ಅದೇನದು ಮಡ್ಲಲ್ಲಿ? ಕಲೆ ಇದ್ದಂಗೈತೆ. ತೆಗ್ದುಬಿಡು."

ಸೌಮ್ಯಳ ಕೈ ನಿಂತಿತು.

*

ಆ ಫೋಟೊ ತೆಗೆದ ಮಾರನೆಯ ದಿನ ವಿಶಾಲಾಕ್ಷಮ್ಮ ಒಬ್ಬರೇ ಬಂದಿದ್ದರು. ಕುಪ್ಪಸದೊಳಗಿಂದ ತೆಗೆದದ್ದು ಪುಟ್ಟ ಹುಡುಗಿಯೊಬ್ಬಳ ಅಂಚು ಹರಿದ ಪಟ. ಕಲ್ಲೇಶ ಹುಟ್ಟುವ ಮೊದಲೇ ತೋಟದ ನೀರಿನ ತೊಟ್ಟಿಗೆ ಬಿದ್ದು ತೀರಿಹೋದ ಮಗಳು, ಲೀಲಾ.

"ಇವಳನ್ನ ನನ್ ಮಡ್ಲಲ್ಲಿ ಕೂರ್ಸು. ಆದ್ರೆ ಯಾರ್ಗೂ ಕಾಣ್ಬಾರ್ದು ಕಣಮ್ಮ. ನಮ್ಮನೆಯವ್ರು ನೋಡ್ಕೊಂತಿದ್ದಾಗ ಹೋದ ಕೂಸು. ಹೆಸ್ರೆತ್ತಿದ್ರೆ ಇವತ್ತಿಗೂ ತಟ್ಟೆ ಬಿಟ್ಟು ಏಳ್ತಾರೆ."

ಸೌಮ್ಯ ಮಗುವನ್ನು ಫೋಟೊದ ಮೇಲೆ ಇನ್ನೊಂದು ಪದರವಾಗಿ, ಲೇಯರ್ ಮಾಡಿ, ಮಡಿಲ ಮೇಲಿಟ್ಟು, ಒಪಾಸಿಟಿ ಇಳಿಸುತ್ತ ತೋರಿಸಿದಳು. ನೂರಿದ್ದರೆ ಮಗು ಗಟ್ಟಿ, ಸೆರಗು ಮರೆಯಾಗುತ್ತದೆ. ಐವತ್ತಕ್ಕೆ ಮಗುವಿನೊಳಗಿಂದಲೇ ಸೆರಗಿನ ಹೂಗಳು ಕಾಣುತ್ತವೆ. ಸೊನ್ನೆಗೆ ಬರೀ ಸೆರಗು.

"ಸೊನ್ನೆಗೆ ಹೊಂಟೋಗ್ತಾಳಾ?"

"ಇಲ್ಲಮ್ಮ. ಇಲ್ಲೇ ಇರ್ತಾಳೆ, ಕಾಣಲ್ಲ ಅಷ್ಟೆ."

"ಅದು ನಂಗೆ ಗೊತ್ತಿರೋದೇ ಬಿಡು." ಅವರು ನಕ್ಕಿದ್ದರು. "ಹತ್ತು ಇಡು. ಧೂಳು ಒರೆಸೋವಾಗ ನಂಗೊಬ್ಬಳಿಗೆ ಕಾಣಂಗೆ."

*

ಸೌಮ್ಯ ಮಗುವಿನ ಲೇಯರ್ ಪಕ್ಕದ ಕಣ್ಣಿನ ಗುರುತು ಒತ್ತಿದಳು. ಮಡಿಲು ಖಾಲಿಯಾಯಿತು.

"ಈಗ ಸರಿಯಾಯ್ತು" ಎಂದು ಕಲ್ಲೇಶ ಹಾರ ತರಲು ಓಡಿದ.

ಗುಟ್ಟು ಉಳಿಸಿದರೆ ಕೂಸನ್ನು ತಾಯಿಯಿಂದ ತಾನೇ ಕಿತ್ತ ಹಾಗೆ. ಕೂಸನ್ನು ಉಳಿಸಿದರೆ ಇಂಥ ದಿನವೇ ಆ ಮುದುಕನ ಗಾಯ ಕೆದಕಿದ ಹಾಗೆ. ಕಣ್ಣಿನ ಗುರುತು ಒತ್ತಿದಳು, ಮಗು ಬಂತು. ಮತ್ತೆ ಒತ್ತಿದಳು, ಮರೆಯಾಯಿತು. ತರೀಕೆರೆಯಿಂದ ಫೋನು ಬಂತು: "ಕಳ್ಸಿ ಮೇಡಂ, ಬಸ್ಸು ಹೋಗುತ್ತೆ." ಮತ್ತೊಮ್ಮೆ ಒತ್ತಿ, ಮಗುವನ್ನು ಹತ್ತರಲ್ಲೇ ಇಟ್ಟು ಕಳಿಸಿಬಿಟ್ಟಳು. ಪಟದಲ್ಲಿ ಬೆರಳಗಲವಿದ್ದ ಮಗು ಫ್ಲೆಕ್ಸಿನಲ್ಲಿ ಮೊಳದುದ್ದ ಆಗುತ್ತದೆಂದು ಆಮೇಲೆ ಹೊಳೆದು, ಬಸ್ಸು ಬರುವವರೆಗೂ ಬಾಗಿಲಿಗೂ ಕುರ್ಚಿಗೂ ತಿರುಗಿದಳು.

ವಿಶಾಲಾಕ್ಷಮ್ಮನವರ ಮನೆಯಂಗಳದಲ್ಲಿ ಫ್ಲೆಕ್ಸನ್ನು ಟ್ರ್ಯಾಕ್ಟರಿಗೆ ಕಟ್ಟಿದಾಗ ಪಕ್ಕದ ಮನೆಯ ಈರಕ್ಕ ಮೂಗು ಒರೆಸಿಕೊಂಡಳು. "ಎಂಥಾ ಕಳೆ ನೋಡೇ! ಒಂದಿನಾನೂ ಹಿಂಗೆ ಸುಮ್ನೆ ಕೂತೋಳಲ್ಲ ನಮ್ಮ ವಿಶಾಲು."

ಕಲ್ಲೇಶ ಸೇವಂತಿಗೆ ಹಾರ ಹಾಕಿದ. ಅದರ ತುದಿ ಇಳಿದು ಮಡಿಲನ್ನು ಮುಚ್ಚಿತು. ಸೌಮ್ಯ ಹಿಡಿದಿದ್ದ ಉಸಿರು ಬಿಟ್ಟಳು.

ಅಷ್ಟರಲ್ಲಿ ಬೆಳಿಗ್ಗೆಯಿಂದ ಜಗಲಿ ಬಿಟ್ಟು ಏಳದಿದ್ದ ತೀರ್ಥಪ್ಪ ಎದ್ದು ಬಂದರು. ಹೆಂಡತಿಯ ಚಿತ್ರದ ಮುಂದೆ ನಿಂತು, ಹಾರವನ್ನು ಮೇಲಕ್ಕೆತ್ತಿದರು.

"ಯಾಕಪ್ಪ? ಚೆನ್ನಾಗಿತ್ತಲ್ಲ."

"ಮುಖ ಮುಚ್ತೈತೆ ಕಣೋ."

"ಎಲ್ಲಪ್ಪ? ಅಮ್ಮನ ಮುಖ ಪೂರ್ತಿ ಕಾಣ್ತೈತೆ."

ತೀರ್ಥಪ್ಪ ಹಾರವನ್ನು ಮಡಚಿ ಗಿಡ್ಡ ಮಾಡಿ ಗಂಟು ಹಾಕಿದರು. ಸೆರಗಿನ ಮೇಲೆ ಉದುರಿದ್ದ ಎಸಳುಗಳನ್ನು ಒಂದೊಂದಾಗಿ, ಮಲಗಿದ ಮಗು ಎದ್ದೀತೆಂಬಂತೆ, ಬೆರಳ ತುದಿಯಲ್ಲಿ ತೆಗೆಯತೊಡಗಿದರು.