ನಡುವೆ ತೂತಿಲ್ಲ

2023ರ ಜೂನ್ 14, ಬುಧವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಫ್ಲೋರೋ ಎಂಬ ಕಡಲತೀರದ ಊರಿನ ಪ್ರೌಢಶಾಲೆಯ ಮೇಲಂತಸ್ತಿನ ಕೋಣೆಯಲ್ಲಿ ರಾಗ್ನಾಳ ಗಣಿತದ ಮೌಖಿಕ ಪರೀಕ್ಷೆ ಅರ್ಧ ದಾಟಿತ್ತು. ವರ್ಷದ ಕೊನೆಗೆ ಅವಳಿಗೆ ಬಂದ ಅಂಕ ಆರಕ್ಕೆ ಮೂರು. ಇವತ್ತು ಐದು ಸಿಕ್ಕರೆ ಸರಾಸರಿ ನಾಲ್ಕಾಗುತ್ತದೆ. ನಾಲ್ಕಿಲ್ಲದೆ ಹಡಗು ಕಟ್ಟುವ ಎಂಜಿನಿಯರಿಂಗಿಗೆ ಅರ್ಜಿ ಹಾಕಿಯೂ ಉಪಯೋಗವಿಲ್ಲ. ಪ್ರಶ್ನೆ ಬರೆದವರು ಮೇಷ್ಟ್ರು ಹಾಲ್ವಾರ್ಡ್. ಅಂಕ ಕೊಡುವವರು ಮಾತ್ರ ಬೆಳಗಿನ ದೋಣಿಯಲ್ಲಿ ಬೇರೆ ಊರಿನಿಂದ ಬಂದಿದ್ದ ಪರೀಕ್ಷಕಿ ಆಸ್ಲೌಗ್.

ಪರದೆಯ ಮೇಲೆ ಅಡ್ಡ ಅಕ್ಷ. ಅದರ ಮೇಲ್ಗಡೆ y = x ಎಂಬ ಓರೆಗೆರೆ; ಕೆಳಗಡೆ y = −√x ಎಂಬ ವಕ್ರರೇಖೆ. ಒಂದರಿಂದ ನಾಲ್ಕರವರೆಗೆ ಇವೆರಡರ ನಡುವಿನ ಜಾಗವನ್ನು ಅಕ್ಷದ ಸುತ್ತ ತಿರುಗಿಸಿದರೆ ಸಿಗುವ ಘನದ ಘನಫಲವೆಷ್ಟು? ರಾಗ್ನಾ ತನ್ನ ಲ್ಯಾಪ್‌ಟಾಪಿನಲ್ಲಿ ಸ್ಲೈಡರ್ ಎಳೆದಳು. ಬಣ್ಣ ತುಂಬಿದ ಜಾಗ ತಿರುಗಣಿಗೆ ಸಿಕ್ಕ ಬಾಗಿಲಿನಂತೆ ಸುತ್ತಿ ಬಂದು, ತುದಿ ಕತ್ತರಿಸಿದ ಶಂಕುವಾಗಿ ನಿಂತಿತು.

“ಚಿತ್ರವೇನೋ ಚೆನ್ನಾಗಿದೆ. ನಡುವಿನ ತೂತೆಲ್ಲಿ?” ಎಂದರು ಆಸ್ಲೌಗ್.

“ತೂತಿಲ್ಲ.”

“ಇರ್ಬೇಕಲ್ಲ? ಹೊರಗಿನದರ ವರ್ಗದಲ್ಲಿ ಒಳಗಿನದರ ವರ್ಗ ಕಳೆದು ಸಮಾಕಲನ ಮಾಡು. ನನ್ನ ಹತ್ರ ಇರೋ ಉತ್ತರ 42.4.”

“ಹಾಗಾದ್ರೆ ನಿಮ್ಮ ಹತ್ರ ಇರೋದು ತಪ್ಪು ಉತ್ತರ.”

ಹಾಲ್ವಾರ್ಡ್ ಕೆಮ್ಮಿದರು. “ರಾಗ್ನಾ, ಹಟ ಮಾಡ್ಬೇಡ ಮಾರಾಯ್ತಿ. ಸೂತ್ರ ನಿಂಗೆ ಗೊತ್ತು. ಕಳೆದು ಮುಂದಕ್ಕೆ ಹೋಗು.”

“ಸೂತ್ರಕ್ಕೆ ಮುಂಚೆ ಚಿತ್ರ ನೋಡು ಅಂತ ವರ್ಷವಿಡೀ ತಲೆ ತಿಂದೋರು ನೀವೇ, ಹಾಲ್ವಾರ್ಡ್. ಈಗ ಕಣ್ಮುಚ್ಕೋ ಅಂತೀರಲ್ಲ!”

“ಚಿತ್ರ ಪುರಾವೆ ಆಗಲ್ಲ. ನೀನು ಹೇಳಿದ್ದನ್ನ ಅದು ಬಿಡಿಸುತ್ತೆ, ಅಷ್ಟೇ,” ಎಂದು ಆಸ್ಲೌಗ್ ಗಡಿಯಾರ ನೋಡಿದರು. “ಇನ್ನೂ ಎರಡು ಪ್ರಶ್ನೆ ಇವೆ. ಇಲ್ಲೇ ಕೂತ್ರೆ ಅವುಗಳ ಅಂಕ ಹೋಗುತ್ತೆ, ನೋಡ್ಕೋ.”

ಕಳೆಯುವುದು ಒಂದು ನಿಮಿಷದ ಕೆಲಸ. ಅದನ್ನು ಮಾಡಿ ಮುಗಿಸಿದರೆ ಉಳಿದ ಎರಡು ಪ್ರಶ್ನೆಗಳಲ್ಲಿ ಐದನ್ನು ಹಿಡಿಯಬಹುದು. ಆದರೆ ಇಲ್ಲದ ತೂತನ್ನು ಇದೆ ಎಂದು ಬರೆಯಲು ರಾಗ್ನಾಳ ಕೈ ಏಳಲಿಲ್ಲ. ಲ್ಯಾಪ್‌ಟಾಪನ್ನು ಟಪ್ಪನೆ ಮುಚ್ಚಿದಳು.

“ಸರಿ, ಚಿತ್ರ ಬೇಡ.” ಬೋರ್ಡಿನಲ್ಲಿ ಅಕ್ಷ ಎಳೆದು, ಎರಡರ ಮೇಲೆ ಒಂದು ಚುಕ್ಕೆ ಇಟ್ಟಳು. “ಈ ಬಿಂದು ನಾವು ತಿರುಗಿಸೋ ಜಾಗದ ಒಳಗಿದೆಯೋ ಹೊರಗೋ?”

“ಒಳಗೆ,” ಎಂದರು ಆಸ್ಲೌಗ್.

“ತಿರುಗಿಸಿದ್ರೆ ಎಲ್ಲಿಗೆ ಹೋಗುತ್ತೆ?”

“ಅಕ್ಷದ ಮೇಲೇ ಇದೆಯಲ್ಲ. ಎಲ್ಲಿಗೂ ಹೋಗಲ್ಲ.”

“ಹಾಗಾದ್ರೆ ನಿಮ್ಮ ತೂತಿನ ನಟ್ಟನಡುವೆ ಕೂತಿರೋದು ಇದೇನು? ಕೆಳಗಿನ ತುಂಡು ಅರ್ಧ ಸುತ್ತು ಬಂದ್ರೆ ಮೇಲಿನ ತುಂಡಿನೊಳಗೇ ಅಡಗುತ್ತೆ. ಕಳೆಯೋದಕ್ಕೆ ಅಲ್ಲಿ ಏನೂ ಇಲ್ಲ. ನೀವು ಅಂಕ ಕಳೀರಿ ಬೇಕಾದ್ರೆ, ನಾನು ಇದನ್ನ ಕಳೆಯಲ್ಲ.”

ಹಾಲ್ವಾರ್ಡ್ ಹಣೆ ಒತ್ತಿಕೊಂಡರು.

“ಅಯ್ಯೋ, ಇದು ನನ್ನ ಕಿತಾಪತಿ, ಆಸ್ಲೌಗ್. ಪುಸ್ತಕದ ಲೆಕ್ಕದಲ್ಲಿ ಎರಡೂ ಗೆರೆ ಅಕ್ಷದ ಮೇಲ್ಗಡೆ ಇದ್ವು. ಮಕ್ಕಳು ಆಗ್ಲೇ ಮಾಡಿರ್ತಾರೆ ಅಂತ ಒಂದಕ್ಕೆ ಮೈನಸ್ ಹಾಕ್ದೆ. ವರ್ಗ ಮಾಡಿದ್ರೆ ಮೈನಸ್ ಹೋಗುತ್ತಲ್ಲ, ಉತ್ತರ ಅದೇ ಇರುತ್ತೆ ಅಂದ್ಕೊಂಡೆ.”

“ನಾನೂ ನಿನ್ನೆ ನೋಡಿ ಸರಿ ಅಂದ್ಬಿಟ್ಟೆ,” ಎಂದು ಆಸ್ಲೌಗ್ ಕನ್ನಡಕ ತೆಗೆದರು. “ಆಯ್ತು, ಮುಂದಿನ ಪ್ರಶ್ನೆ. ಸಮಯ ಕಮ್ಮಿ ಇದೆ.”

“ಕಮ್ಮಿ ಮಾಡಿದ್ದು ನಿಮ್ಮ ತೂತು. ಅಷ್ಟು ನಿಮಿಷ ನಂಗೆ ವಾಪಸ್ ಬೇಕು.”

“ರಾಗ್ನಾ!” ಎಂದರು ಹಾಲ್ವಾರ್ಡ್.

“ಇರಲಿ ಬಿಡಿ, ಅವಳು ಕೇಳೋದು ನ್ಯಾಯವೇ,” ಎಂದು ಆಸ್ಲೌಗ್ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. “ತಗೋ, ಏಳು ನಿಮಿಷ.”

ಉಳಿದ ಎರಡು ಪ್ರಶ್ನೆಗಳಲ್ಲಿ ಒಂದರ ನಡುವೆ ರಾಗ್ನಾ ಚಿಹ್ನೆ ತಪ್ಪಿದಳು. ತಾನೇ ಕಂಡು ತಿದ್ದಿದಳು. ಆಮೇಲೆ ಹೊರಗೆ ಕಾಯುತ್ತ, ಡಬ್ಬಿಯಲ್ಲಿದ್ದ ಕಂದು ಚೀಸಿನ ಬ್ರೆಡ್ಡನ್ನು ಒಂದು ಸಲ ಕಚ್ಚಿ ವಾಪಸ್ ಇಟ್ಟಳು. ಬಾಗಿಲು ತೆರೆಯಿತು; ಅವಳನ್ನು ಒಳಗೆ ಕರೆದರು.

“ಐದು,” ಎಂದರು ಆಸ್ಲೌಗ್. “ಬಾಯಿಗೆ ಅಂಕ ಕಳೆಯೋ ಹಾಗಿದ್ದಿದ್ರೆ ನಾಲ್ಕು.”

“ಆ ಸೂತ್ರ ಪುಸ್ತಕದಲ್ಲಿ ಇಲ್ಲ, ಪುಣ್ಯ,” ಎಂದಳು ರಾಗ್ನಾ.

ಹಾಲ್ವಾರ್ಡ್ ಉತ್ತರದ ಹಾಳೆಯಲ್ಲಿದ್ದ ತಮ್ಮ ಹಳೆಯ ಉತ್ತರವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಪೆನ್ನು ಎತ್ತಿ ಹಿಡಿದೇ, “ಎಷ್ಟು ಅಂತ ಬರೀಲಿ? ನೀನೇ ಹೇಳು,” ಎಂದರು.

ಅವಳು ಬೋರ್ಡಿನ ಕಡೆ ತಿರುಗಲೂ ಇಲ್ಲ. “ಇಪ್ಪತ್ತೊಂದು ಪೈ,” ಎಂದಳು. “ದಶಮಾಂಶದಲ್ಲಿ ಬೇಕಿದ್ರೆ, 65.97 ಘನ ಏಕಮಾನ.”